ಗೌಜಲಗುಡ್ಡದ ಹನ್ನೊಂದು ಮರ

ಜೂನ್ 9, ಸೋಮವಾರ

ಇವತ್ತು ಪೇಪರಿನಲ್ಲಿ ನನ್ನ ಹೆಸರು ಬಂದಿದೆ. ಒಳಪುಟ, ಕೆಳಗಿನ ಮೂಲೆ, ರಸಗೊಬ್ಬರದ ಜಾಹೀರಾತಿನ ಪಕ್ಕ. ‘ಬರಡು ಗುಡ್ಡಕ್ಕೆ ಹಸಿರು ಹೊದಿಕೆ’ ಅಂತ ತಲೆಬರಹ. ಮಳವಳ್ಳಿ ತಾಲ್ಲೂಕಿನ ಗೌಜಲಗುಡ್ಡದ ಇಳಿಜಾರಿನಲ್ಲಿ ನೂರ ನಲವತ್ತು ಎಕರೆ ಪೊದೆ ಸವರಿ ನಲವತ್ತು ಸಾವಿರ ಸಸಿ ನೆಡುತ್ತಾರಂತೆ. ‘ಈ ಜಾಗದಲ್ಲಿ ಇರುವುದು ಹನ್ನೊಂದೇ ಮರ ಎಂದು ಸಸ್ಯಶಾಸ್ತ್ರ ಉಪನ್ಯಾಸಕ ಕಸ್ತೂರಿರಂಗ ಅವರ ವರದಿ ತಿಳಿಸಿದೆ.’

ಹನ್ನೊಂದು ಸರಿ. ನಾನೇ ಎಣಿಸಿದ್ದು. ಜನವರಿಯಲ್ಲಿ ಯೋಜನೆಯ ಕಚೇರಿಯಿಂದ ಕಾಲೇಜಿಗೆ ನಮೂನೆ ಬಂದಿತ್ತು. ಎದೆಮಟ್ಟದಲ್ಲಿ ಒಂದಡಿ ಸುತ್ತಳತೆ ಮೀರಿದರೆ ಮಾತ್ರ ಮರ, ಅದನ್ನಷ್ಟೇ ಎಣಿಸಿ ಎಂದಿತ್ತು. ಟೇಪು ಹಿಡಿದು ಇಡೀ ದಿನ ಅಲೆದು ಎಣಿಸಿದೆ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ನನ್ನ ಲೆಕ್ಕ ತಪ್ಪು ಅಂದವರಿಲ್ಲ. ಬರುವ ಮಾರ್ಚಿಗೆ ನಿವೃತ್ತಿ, ಅಷ್ಟರೊಳಗೆ ಯಾರೂ ಅನ್ನುವುದೂ ಬೇಡ.

ಆದರೆ ಒಂದು ಮಾತು ಕೇಳದೆ ನನ್ನ ವರದಿ ಪೇಪರಿಗೆ ಕೊಡುವುದೆಂದರೇನು? ಬೆಳಿಗ್ಗೆಯೇ ಅದನ್ನು ಗೋದಮ್ಮನಿಗೆ ಹೇಳಿದೆ. ಅವಳು ದೋಸೆ ಮಗುಚುತ್ತಾ, “ಹೆಸರು ಬರಲಿಲ್ಲಾಂತ ಮೂವತ್ತು ವರ್ಷ ಗೊಣಗಿದ್ರಿ, ಈಗ ಬಂತೂಂತ ಗೊಣಗ್ತೀರಲ್ಲ” ಅಂದಳು. ಈ ಹೆಂಗಸಿಗೆ ಉತ್ತರ ಕೊಡುವುದಕ್ಕಿಂತ ಬಸ್ಸು ಹಿಡಿಯುವುದು ಮೇಲು.

ಮಧ್ಯಾಹ್ನ ರಾಜೇಂದ್ರನ ಫೋನು. ಈ ಯೋಜನೆಯ ಅಧಿಕಾರಿ ಅವನೇ. ನನ್ನ ಹಳೆಯ ವಿದ್ಯಾರ್ಥಿ, ಕೊನೆಯ ಬೆಂಚು. ಸಸಿ ನೆಡುವ ದಿನ ವೇದಿಕೆಯಲ್ಲಿ ಕೂರಬೇಕಂತೆ, ಶಾಲು ಹೊದಿಸುತ್ತಾರಂತೆ. ಗುರುವಾರ ಗುಡ್ಡಕ್ಕೆ ಬನ್ನಿ ಸಾರ್, ಒಂದು ಫೋಟೊ ಬೇಕು ಅಂದ. ಹೂಂ ಅಂದೆ.

ಜೂನ್ 12, ಗುರುವಾರ

ಅವಮಾನ. ಬೇರೆ ಪದ ಸಿಗುತ್ತಿಲ್ಲ.

ಫೋಟೊ ತೆಗೆಸಿಕೊಂಡು ಇಳಿಯುತ್ತಿದ್ದೆ. ಕಲ್ಲಾರೆಪುರದ ಪಟ್ಟಲಮ್ಮ ಎದುರಾದಳು. ಮೂವತ್ತು ಆಡು ಸಾಕಿಕೊಂಡಿರುವ ಹೆಂಗಸು, ಜನವರಿಯಲ್ಲೂ ನನ್ನ ಹಿಂದೆ ಹಿಂದೆಯೇ ಬಂದಿದ್ದವಳು. ನಮಸ್ಕಾರವಿಲ್ಲ, ಏನಿಲ್ಲ.

“ಅನ್ನೊಂದಂತೆ! ಆವತ್ತೇ ಬಡ್ಕಂಡೆ ಮೇಷ್ಟ್ರೇ, ಇವ್ನೂ ಬರ್ಕಳಿ ಇವ್ನೂ ಬರ್ಕಳಿ ಅಂತ. ಕಾಲಂ ಇಲ್ಲ ಕಣಮ್ಮ ಅಂದ್ರಿ. ಈಗ ನನ್ ಆಡು ನಿಮ್ ಕಾಲಂ ಮೇಯ್ಬೇಕಾ?”

“ಸಸಿ ಬೆಳೆದರೆ ನೆರಳಾಗುತ್ತದಲ್ಲಮ್ಮ” ಅಂದೆ.

“ನೆಳ್ಳು ತಿಂತವಾ ಆಡು? ಬೇಲಿ ಆಕುದ್ಮ್ಯಾಕೆ ಒಳೀಕ್ ಬುಡ್ತಾರಾ? ಮೂವತ್ತ್ ಆಡ್ನೂ ಮಾರ್ಕಂಡು ಯಾರ್ ಮನೆ ಮುಸ್ರೆ ತಿಕ್ಲಿ ನಾನು? ಖಾಲಿ ಅಂತ ಬರುದ್ರಲ್ಲ, ಕಣ್ಣು ನೆಟ್ಗವಾ ನಿಮ್ಗೆ?”

ರಾಜೇಂದ್ರನ ಡ್ರೈವರ್ ನಗುತ್ತಿದ್ದ. ನಾನು ಖಾಲಿ ಅಂತ ಬರೆದಿಲ್ಲ, ಹನ್ನೊಂದು ಮರ ಅಂತ ಬರೆದದ್ದು ಎಂದು ವಿವರಿಸಿದೆ. ಆ ಹೆಂಗಸು ಆಗಲೇ ಆಡುಗಳನ್ನು ಅಟ್ಟಿಕೊಂಡು ಹೊರಟಿದ್ದಳು. ಅಕ್ಷರ ಬಾರದವರ ಜೊತೆ ವಾದಕ್ಕಿಳಿದದ್ದು ನನ್ನದೇ ತಪ್ಪು.

ಜೂನ್ 13, ಶುಕ್ರವಾರ

ತರಗತಿಯಲ್ಲಿ ‘ಸಸ್ಯಸಮುದಾಯಗಳು’ ಪಾಠ. ಕುರುಚಲು ಕಾಡು ಎಂಬ ಉಪಶೀರ್ಷಿಕೆ ಬಂತು. ಪುಸ್ತಕದಲ್ಲಿರುವುದು ನಾಲ್ಕೇ ಸಾಲು. ಓದಿ ಮುಗಿಸಿದೆ. ತಲೆನೋವು.

ಜೂನ್ 17, ಮಂಗಳವಾರ

ವರದಿಯ ನಕಲು ತೆಗೆದು ನೋಡಿದೆ. ಕೊನೆಯಲ್ಲಿ ‘ಉಳಿದ ಪ್ರದೇಶ: ಪೊದೆ, ಗಮನಾರ್ಹವಲ್ಲ’ ಎಂದಿದೆ. ನನ್ನದೇ ಕೈಬರಹ. ಗಮನಾರ್ಹವಲ್ಲ ಎಂದು ಬರೆಯಲು ನಮೂನೆ ಹೇಳಿರಲಿಲ್ಲ. ಅದು ನಾನೇ ಸೇರಿಸಿದ ಒಗ್ಗರಣೆ.

ಕಾಲೇಜು ಬಿಟ್ಟ ಮೇಲೆ ರಾಜೇಂದ್ರನ ಕಚೇರಿಗೆ ಹೋದೆ. ಇನ್ನೊಂದು ಸಲ ಸಮೀಕ್ಷೆ ಆಗಬೇಕು, ಪೊದೆಯನ್ನೂ ಎಣಿಸಬೇಕು ಅಂದೆ.

“ಸಾರ್, ಪೊದೆಗೆ ಕಾಲಂ ಇಲ್ಲ.”

ನನ್ನ ಮಾತನ್ನು ನನಗೇ ತಿರುಗಿಸಿ ಹೊಡೆದ. ಅವನಿಗೆ ಅದು ಗೊತ್ತೂ ಆಗಲಿಲ್ಲ, ಪಾಪಿ. ಅರ್ಧ ಗಂಟೆ ಕೂಗಾಡಿದೆ. ಗುಮಾಸ್ತರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಕೊನೆಗೆ ಅವನೇ ಒಂದು ದಾರಿ ತೋರಿಸಿದ. ಊರಿನವರು ಬಳಸುವ ಗಿಡಗಳ ಪಟ್ಟಿ ಕೊಡಿ, ಜುಲೈ 4ಕ್ಕೆ ನಾನೇ ಸ್ಥಳಕ್ಕೆ ಬರುತ್ತೇನೆ ಎಂದ. ಅದರಲ್ಲಿ ಬೇರೆಲ್ಲೂ ಸಿಗದ, ಊರಿನವರು ಮದ್ದಿಗೆ ಬಳಸುವ ಗಿಡ ಒಂದೇ ಒಂದು ಇದ್ದರೂ ಕೆಲಸ ನಿಲ್ಲಿಸುವ ಅಧಿಕಾರ ಅವನಿಗಿದೆಯಂತೆ. ಆದರೆ ಬಳಸುವವರೇ ಬಂದು ಗಿಡದ ಹೆಸರು, ಉಪಯೋಗ ಅವನ ಎದುರಿಗೆ ಹೇಳಬೇಕು. “ನೀವು ಲ್ಯಾಟಿನ್‌ನಲ್ಲಿ ಹೇಳಿದರೆ ನಡೆಯಲ್ಲ ಸಾರ್, ಮೇಲಿನವರು ಒಪ್ಪಲ್ಲ.”

ಅಂದರೆ ಆ ಪಟ್ಟಲಮ್ಮನ ಹತ್ತಿರ ನಾನು ಹೋಗಬೇಕು. ಗ್ರಹಚಾರ.

ಜೂನ್ 22, ಭಾನುವಾರ

ಬೆಳಿಗ್ಗೆ ಏಳಕ್ಕೆ ಗುಡ್ಡದಲ್ಲಿದ್ದೆ. ಮದ್ದೂರಿನಿಂದ ಎರಡು ಬಸ್ಸು, ಆಮೇಲೆ ಮೂರು ಕಿಲೋಮೀಟರು ನಡಿಗೆ. ಮನೆಯ ನೀರು, ಮನೆಯ ಬುತ್ತಿ. ಪಟ್ಟಲಮ್ಮ ನನ್ನನ್ನು ನೋಡಿ, “ಇವತ್ತೂ ಪೋಟ ಅದಾ?” ಅಂದಳು. ನುಂಗಿಕೊಂಡೆ.

ಅವಳ ಪಾಠದ ಕ್ರಮವೇ ಬೇರೆ. ಗಿಡಗಳಿಗೆ ಕುಲವಿಲ್ಲ, ಕುಟುಂಬವಿಲ್ಲ. ಆಡು ಮೊದಲು ತಿನ್ನುವುದು, ಬೇರೇನೂ ಇಲ್ಲದಾಗ ತಿನ್ನುವುದು, ಸತ್ತರೂ ತಿನ್ನದ್ದು. ಕಾರೆ, ಕವಳೆ, ಎಲಚಿ ಮೊದಲನೇ ಸಾಲು. ಬಂದರೆಯನ್ನು ಆಡು ಮೂಸಿಯೂ ನೋಡುವುದಿಲ್ಲ, ಅದು ಚಪ್ಪರಕ್ಕೆ, ಬಾಣಂತಿ ನೀರಿಗೆ. ಚುಜ್ಜಲು ಸೊಪ್ಪು ತಲೆ ಉಜ್ಜಲು. ಬಿಕ್ಕೆ ಹಣ್ಣು ಮಕ್ಕಳಿಗೆ. ತಂಗಡಿ ಸೊಪ್ಪು ಗದ್ದೆಗೆ ಗೊಬ್ಬರ. “ಇದ್ಕೇನಮ್ಮ ಹೆಸರು?” ಅಂದರೆ ಹೆಸರಿನ ಜೊತೆಗೆ ಅವರತ್ತೆಯ ಕಥೆಯೂ ಬರುತ್ತದೆ. ಬರೆದುಕೊಳ್ಳುವುದರೊಳಗೆ ಆಡು ಮುಂದೆ, ಅವಳು ಮುಂದೆ, ನಾನು ಮುಳ್ಳಿನಲ್ಲಿ. ಪಂಚೆ ಎರಡು ಕಡೆ ಹರಿದಿದೆ.

ಮೂವತ್ತೆಂಟು ಹೆಸರಾಯಿತು. ಹತ್ತು ಗುಂಟೆಯೂ ಇಲ್ಲದ ಜಾಗದಲ್ಲಿ! ನಾನು ಜನವರಿಯಲ್ಲಿ ಇದರ ಮೇಲೇ ಟೇಪು ಎಳೆದುಕೊಂಡು ಓಡಾಡಿದ್ದೆ. ಕತ್ತೆ ನಾನು.

ಮದ್ದಿನ ಗಿಡ ಯಾವುದು ಅಂದರೆ, “ಅದ್ನೆಲ್ಲ ನಮ್ ಅಂಕಣ್ಣನ್ನ ಕೇಳ್ಬೇಕು” ಅಂದಳು. ಹಳ್ಳಿಯಲ್ಲಿ ಮೂಳೆ ಕಟ್ಟುವ ಅಂಕಯ್ಯ ಎಂಬ ಮುದುಕ, ಇವಳ ಅಣ್ಣ. ಸುತ್ತ ಹನ್ನೆರಡು ಹಳ್ಳಿಯ ಕೈಕಾಲು ಅವನ ಕೈಯಲ್ಲೇ ಸರಿಹೋಗಿರುವುದಂತೆ.

ಜೂನ್ 24, ಮಂಗಳವಾರ

ರಜೆ ಹಾಕಿ ಹೋದದ್ದು ದಂಡ.

ಅಂಕಯ್ಯನ ಜಗಲಿಯಲ್ಲಿ ಬುದ್ಧನ ಕ್ಯಾಲೆಂಡರಿನ ಕೆಳಗೆ ಒಂದು ಗಂಟೆ ಕೂತೆ. ಮರ್ಯಾದೆಯಿಂದಲೇ ಮಾತಾಡಿದ. ಗುಡ್ಡ ಉಳಿಯಬೇಕು ಅಂದ. ಗಿಡ ಇದೆ ಅಂದ. ಹೆಸರು ಮಾತ್ರ ಹೇಳುವುದಿಲ್ಲವಂತೆ!

“ಎಸ್ರು ಯೋಳ್ಬುಟ್ರೆ ಮದ್ದು ನಿಲ್ಲಾಕಿಲ್ಲ ಸ್ವಾಮಿ. ಯೋಳ್ದೋನ್ ಕೈಲೂ ನಿಲ್ಲಾಕಿಲ್ಲ, ಕೇಳ್ದೋನ್ ಮೈಗೂ ಅತ್ತಾಕಿಲ್ಲ. ನಮ್ಮಪ್ಪ ನಂಗೆ ಬಾಯ್ಬುಟ್ಟು ಯೋಳ್ಲಿಲ್ಲ. ಬೆಳ್ಕರಿಯೋ ಮುಂಚೆ ಕರ್ಕೊಂಡೋಗಿ ತೋರುಸ್ದ, ಅಷ್ಟೇಯ. ಸಾಯೋ ಮುಂಚೆ ನನ್ ಕಿವೀಲಿ ಎಸ್ರು ಒಂದ್ಸಲ ಅಂದ, ಆಮೇಕೆ ಅವ್ನು ಮದ್ದು ಮುಟ್ಲಿಲ್ಲ.”

ಹೆಸರಿನಲ್ಲಿ ಏನಿದೆ ಮಾರಾಯ, ಗುಣ ಇರುವುದು ಎಲೆಯ ರಸದಲ್ಲಿ ಎಂದೆ. ಇದು ಮೂಢನಂಬಿಕೆ ಎಂದೆ. ನೀನು ಬಾಯಿ ಬಿಡದಿದ್ದರೆ ಜೆಸಿಬಿ ಬಂದು ನಿನ್ನ ಮದ್ದನ್ನು ಬೇರುಸಹಿತ ಕೀಳುತ್ತದೆ, ಆಗ ಯಾವ ಕೈಯಲ್ಲಿ ನಿಲ್ಲುತ್ತದೆ ಎಂದೂ ಕೇಳಿದೆ. ಅದಕ್ಕೆ ಅವನು, “ಅದೂ ನಿಜವೇ” ಅಂತ ನೆಲ ನೋಡುತ್ತಾ ಕೂತ. ನಿಜವಾದರೆ ಹೇಳಬೇಕಲ್ಲ! ಹೇಳಲಿಲ್ಲ.

ಬರುವಾಗ ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ. ಮಳವಳ್ಳಿಯಿಂದ ಮದ್ದೂರಿನವರೆಗೆ ಕಂಬ ಹಿಡಿದು ನಿಂತೆ. ಸಿಟ್ಟು ಇನ್ನೂ ಇಳಿದಿಲ್ಲ.

ಜೂನ್ 29, ಭಾನುವಾರ

ಸಿಕ್ಕಿತು. ನಾನೇ ಹುಡುಕಿದೆ.

ಇಳಿಜಾರಿನ ಮೇಲ್ಭಾಗದಲ್ಲಿ ಎರಡು ಬಂಡೆಗಳ ಸಂದಿ, ಬಂದರೆ ಪೊದೆಯ ಮರೆ. ಮೊಳಕಾಲೆತ್ತರದ ಪೊದೆಗಿಡ, ಒಟ್ಟು ಹದಿನಾಲ್ಕು. ನನ್ನ ಜೀವಮಾನದಲ್ಲಿ ಒಣಗಿಸಿದ ಹಾಳೆಯಲ್ಲಿ ಮಾತ್ರ ನೋಡಿದ್ದ ಗಿಡ. ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮಂಡಿಯೂರಿ ಕೂತವನು ಎಷ್ಟು ಹೊತ್ತು ಕೂತಿದ್ದೆನೋ! ಪಟ್ಟಲಮ್ಮ ಬಂದು, “ಏನ್ರೀ, ಒಟ್ಟೆನೋವಾ?” ಅಂದಳು.

ಮಾದರಿಗೆ ಒಂದು ರೆಂಬೆ ಕತ್ತರಿಸಲು ಚಾಕು ತೆಗೆದೆ. ಎಲ್ಲಿದ್ದರೋ ಅಂಕಯ್ಯ, ಪೊದೆ ಸರಿಸಿಕೊಂಡು ಬಂದರು. “ಅದ್ನ ಮುಟ್ಬ್ಯಾಡಿ ಸ್ವಾಮಿ” ಅಂದರು. ಜೋರಾಗಿಯೇನೂ ಅಲ್ಲ. ನನಗೆ ಗೊತ್ತಾಯಿತು, ಅವರ ಮದ್ದು ಇದೇ ಅಂತ. ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು. ಚಾಕು ಮಡಚಿ ಜೇಬಿಗೆ ಹಾಕಿಕೊಂಡೆ.

ಇಳಿದು ಬಂದ ಮೇಲೆ ಪಟ್ಟಲಮ್ಮನ ಮನೆಯಲ್ಲಿ ಅಂಬಲಿ ಕುಡಿದೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಎರಡನೇ ಲೋಟ ಹಾಕುವಾಗ ಹೇಳಿದೆ, ಸರಿಮಾಡಿಕೊಟ್ಟಳು.

ಗಿಡದ ವೈಜ್ಞಾನಿಕ ಹೆಸರು ಪುಸ್ತಕದಲ್ಲಿ ಇನ್ನೊಮ್ಮೆ ಖಚಿತಪಡಿಸಿಕೊಂಡು ನಾಳೆ ಇಲ್ಲಿ ಬರೆಯುತ್ತೇನೆ.

ಜುಲೈ 2, ಬುಧವಾರ

ಖಚಿತವಾಯಿತು. ಅದೇ. ಬರೆಯಲು ಇವತ್ತು ಪುರುಸೊತ್ತಿಲ್ಲ.

ಅಂಕಯ್ಯನವರಿಗೆ ಪಟ್ಟಲಮ್ಮನ ಫೋನಿನಲ್ಲಿ ಹೇಳಿಸಿದೆ, ಶುಕ್ರವಾರ ಸುಮ್ಮನೆ ಬಂದು ನಿಲ್ಲಿ, ಏನೂ ಹೇಳಬೇಡಿ, ಮೂವತ್ತೆಂಟರಲ್ಲೇ ಹೇಗಾದರೂ ನಿಭಾಯಿಸುತ್ತೇನೆ ಎಂದು. ಹೇಗೆ ಎಂದು ನನಗೇ ಗೊತ್ತಿಲ್ಲ. ಗೋದಮ್ಮ, “ಅನ್ನದ ಮುಂದೆ ಕೂತು ಯಾರ ಮೇಲೆ ಹಲ್ಲು ಕಡೀತಿದೀರಿ?” ಎಂದು ಕೇಳಿದಳು.

ಜುಲೈ 4, ಶುಕ್ರವಾರ

ರಾಜೇಂದ್ರ ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದ. ಪಟ್ಟಲಮ್ಮ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಗಿಡದ ಮುಂದೆ ನಿಂತು ಹೇಳಿದಳು. ತಪ್ಪಿಲ್ಲ, ತಡವರಿಕೆ ಇಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಹೀಗೆ ಹೇಳಿದ್ದರೆ! ನಡುವೆ ಒಂದು ಸಲ ರಾಜೇಂದ್ರ ಕವಳೆ ಮುಳ್ಳಿಗೆ ಪ್ಯಾಂಟು ಸಿಕ್ಕಿಸಿಕೊಂಡ. “ಅದು ಮೂವತ್ತೊಂದ್ನೇದು, ಬರ್ಕಳಿ” ಅಂದಳು.

ಪಟ್ಟಿ ಮುಗಿಯಿತು. ಅವನು ಪೆನ್ನು ಮುಚ್ಚಿದ.

“ಸಾರ್, ಇವೆಲ್ಲ ಎಲ್ಲ ಗುಡ್ಡದಲ್ಲೂ ಇವೆ. ತಂಗಡಿ ನಮ್ಮ ಆಫೀಸಿನ ಹಿಂದೆಯೇ ಇದೆ. ನಾನು ಮೇಲಿನವರಿಗೆ ಏನಂತ ಬರೀಲಿ? ಅಪರೂಪದ್ದು ಒಂದೂ ಇಲ್ವಾ? ನೀವು ಹುಡುಕಿರ್ತೀರಿ, ನನಗೆ ಗೊತ್ತು.”

ನಾಲಿಗೆಯ ತುದಿಯಲ್ಲಿತ್ತು. ಅಂಕಯ್ಯನವರು ನನ್ನ ಪಕ್ಕದಲ್ಲೇ ನಿಂತು ತಮ್ಮ ಕಾಲಬೆರಳು ನೋಡಿಕೊಳ್ಳುತ್ತಿದ್ದರು. “ಇಲ್ಲ” ಎಂದೆ. ಯಾಕೆ ಹಾಗೆಂದೆನೋ. ಬಿಸಿಲೂ ಜೋರಾಗಿತ್ತು.

“ಹಾಗಾದರೆ ನನ್ನ ಕೈ ಕಟ್ಟಿದೆ ಸಾರ್. ಸೋಮವಾರದಿಂದ ಕೆಲಸ ಶುರು ಮಾಡಿಸ್ತೀನಿ.” ಫೈಲು ಕಂಕುಳಿಗೆ ಹೋಯಿತು. ಪಟ್ಟಲಮ್ಮ ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು.

ಅಂಕಯ್ಯನವರೇ ಬಾಯಿ ಬಿಟ್ಟರು. “ಒಂದದೆ.”

“ಬೇಡ ಅಂದಿದ್ದೆನಲ್ಲ” ಎಂದು ನಾನು ರೇಗಿದೆ.

“ಗಿಡವೇ ಇಲ್ದಿದ್ಮ್ಯಾಕೆ ಮದ್ದೆಲ್ಲಿ ಬಂತು ಸ್ವಾಮಿ? ನೀವೇ ಯೋಳಿದ್ದಲ್ವೇ” ಅಂದರು.

ಬಂಡೆಯ ಹತ್ತಿರ ಕರೆದೊಯ್ದರು. ಚಪ್ಪಲಿ ದೂರ ಬಿಟ್ಟು, ಟವೆಲು ಹೆಗಲಿಂದ ತೆಗೆದು, ಗಿಡದ ಎದುರಿಗೆ ಕೂತು ಹೆಸರು ಹೇಳಿದರು. ರಾಜೇಂದ್ರನಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದರು. ಅವನು ಬರೆದುಕೊಂಡು, ಸರಿಯಾ ಅಂತ ಮತ್ತೆ ಕೇಳಿದ. ಮೂರನೇ ಸಲವೂ ಹೇಳಿದರು. ಮುರಿದ ಮೂಳೆ ಕೂಡಿಸಲು ಅಂತ ಉಪಯೋಗವನ್ನೂ ಅವರೇ ಹೇಳಿದರು. ಆಮೇಲೆ ಎರಡೂ ಕೈ ಟವೆಲಿಗೆ ಒರೆಸಿಕೊಂಡು, ಯಾರಿಗೂ ಹೇಳದೆ ಗುಡ್ಡ ಇಳಿದುಹೋದರು.

“ಸಾಕು ಸಾರ್, ಇಷ್ಟು ಸಾಕು. ಸೋಮವಾರ ತಡೆ ಕಾಗದ ಕಳಿಸ್ತೀನಿ” ಎಂದ ರಾಜೇಂದ್ರ. ಖುಷಿಯಿಂದ ನನ್ನ ಕೈ ಕುಲುಕಿದ.

ಗುಡ್ಡ ಉಳಿಯಿತು. ಮನೆಗೆ ಬಂದಾಗಿನಿಂದ ಏನನ್ನಾದರೂ ಎತ್ತಿ ಒಗೆಯಬೇಕು ಅನ್ನಿಸುತ್ತಿದೆ. ಹೆಸರು ಹೇಳಿದರೆ ಎಲೆಯ ರಸ ಬದಲಾಗುವುದಿಲ್ಲ. ಇದು ನನಗೆ ಗೊತ್ತು. ಯಾವ ಪ್ರಯೋಗಾಲಯದಲ್ಲಿ ಬೇಕಾದರೂ ತೋರಿಸುತ್ತೇನೆ. ಆದರೆ ಆ ಮನುಷ್ಯನಿಗೆ ಯಾರು ತೋರಿಸುತ್ತಾರೆ?

ಜುಲೈ 6, ಭಾನುವಾರ

ಎಡಗೈ ಬರಹ. ನಿನ್ನೆ ಜೆಸಿಬಿ ಬಂತು. ಕಾಗದ ಸೋಮವಾರ, ಗುತ್ತಿಗೆದಾರನಿಗೆ ಶನಿವಾರವೇ ಅವಸರ. ಪಟ್ಟಲಮ್ಮ ಫೋನು ಮಾಡಿದಳು. ನಾನು ಹೋಗುವುದರೊಳಗೆ ರಸ್ತೆ ಬದಿಯ ನಾಲ್ಕು ಎಕರೆ ಬೋಳು. ಕಾರೆ, ಚುಜ್ಜಲು, ಬಿಕ್ಕೆ ಎಲ್ಲ ಬೇರು ಮೇಲೆ ಮಾಡಿ ಬಿದ್ದಿದ್ದವು. ಅಡ್ಡ ನಿಲ್ಲಲು ಓಡಿದೆ. ನಿಲ್ಲುವ ಮೊದಲು ಬಿದ್ದೆ. ಬಲ ಮಣಿಕಟ್ಟು. ರಾಜೇಂದ್ರನ ಫೋನು ಬಂದ ಮೇಲೆ ಯಂತ್ರ ನಿಂತಿತು.

ಮಂಡ್ಯದಲ್ಲಿ ಎಕ್ಸ್‌ರೇ. ಸಣ್ಣ ಬಿರುಕು. ಊತ ಇಳಿದ ಮೇಲೆ ಪ್ಲಾಸ್ಟರ್. ಗೋದಮ್ಮ ಬೈಯುತ್ತಲೂ ಇದ್ದಾಳೆ, ಅಳುತ್ತಲೂ ಇದ್ದಾಳೆ.

ಜುಲೈ 9, ಬುಧವಾರ

ತಡೆ ಕಾಗದ ಬಂತು. ನೂರ ಮೂವತ್ತಾರು ಎಕರೆ. ಓದಿ ಹೇಳೋಣ ಎಂದು ಪಟ್ಟಲಮ್ಮನಿಗೆ ಫೋನು ಮಾಡಿದೆ. ಅವಳು ಬೇರೆಯೇ ಹೇಳಿದಳು. ನಿನ್ನೆ ಕೊತ್ತತ್ತಿಯಿಂದ ಒಬ್ಬರು ಕಾಲು ಮುರಿದ ಕರು ತಂದಿದ್ದರಂತೆ. ಅಂಕಯ್ಯನವರು ಬಾಗಿಲಿಂದಲೇ ಕಳಿಸಿಬಿಟ್ಟರಂತೆ. “ಉಣ್ಣಾಕಿಲ್ಲ, ಮಾತಾಡಾಕಿಲ್ಲ, ಕೈ ನೋಡ್ಕಂಡು ಕೂತವ್ನೆ ಕಣ್ರೀ.”

ಜುಲೈ 13, ಭಾನುವಾರ

ಬಲಗೈಯಲ್ಲೇ ಬರೆಯುತ್ತಿದ್ದೇನೆ. ಬೆರಳ ತುದಿಗಳು ಕಟ್ಟಿನಿಂದ ಹೊರಗಿವೆ, ಪೆನ್ನು ನಿಲ್ಲುತ್ತದೆ, ನಿಧಾನ.

ಮೊನ್ನೆ ರಾಜೇಂದ್ರ ಪಟ್ಟಿಯನ್ನು ಟೈಪು ಮಾಡಿಸಿ ನನ್ನ ರುಜುವಿಗೆ ಕಳಿಸಿದ್ದ. ಮೂವತ್ತೊಂಬತ್ತನೇ ಸಾಲಿನಲ್ಲಿ ಉಪಯೋಗ ಉಳಿಸಿ, ಊರಿನ ಹೆಸರನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ‘ಕೇಳಿಸಲಿಲ್ಲ’ ಅಂತ ಎಡಗೈಯಲ್ಲಿ ಬರೆದು ವಾಪಸು ಕಳಿಸಿದೆ. ಅವನು ಫೋನು ಮಾಡಿದ.

“ಸಾರ್, ನನಗೆ ಕೇಳಿಸಿತ್ತಲ್ಲ. ಮೂರು ಸಲ ಹೇಳಿದರು.”

“ನಿನಗೆ ನನ್ನ ಕ್ಲಾಸಿನಲ್ಲೂ ಏನೂ ಕೇಳಿಸುತ್ತಿರಲಿಲ್ಲ ಕಣಯ್ಯ.”

ಪೆನ್ನು ಗೀಚುವ ಸದ್ದು ಬಂತು. ಆಮೇಲೆ, “ಸರಿ ಸಾರ್. ಕೇಳಿಸಲಿಲ್ಲ” ಎಂದ. ಕೊನೆಯ ಬೆಂಚಿನವರ ಬಗ್ಗೆ ನಾನು ಸ್ವಲ್ಪ ದುಡುಕಿದ್ದಿರಬಹುದು.

ನಿನ್ನೆ ಊತ ಇಳಿದಿತ್ತು. ಪ್ಲಾಸ್ಟರಿಗೆ ಎಂದು ಗೋದಮ್ಮನ ಜೊತೆ ಮನೆ ಬಿಟ್ಟವನು ಮಂಡ್ಯದ ಬಸ್ಸು ಹತ್ತಲಿಲ್ಲ, ಮಳವಳ್ಳಿಯದು ಹತ್ತಿದೆ. “ನಿಮಗೆ ತಲೆ ಕೆಟ್ಟಿದೆ” ಎಂದು ದಾರಿಯುದ್ದಕ್ಕೂ ಅಂದಳು. ಆದರೂ ಜೊತೆಗೆ ಬಂದಳು.

ಅಂಕಯ್ಯನವರು ಜಗಲಿಯಲ್ಲೇ ಇದ್ದರು. ಎದುರಿಗೆ ಕೂತು ಕೈ ಚಾಚಿದೆ. “ಕಟ್ಟಿ.”

“ಓಯ್ತು ಸ್ವಾಮಿ. ಯೋಳ್ಬುಟ್ನಲ್ಲ.”

“ಏನು ಹೇಳಿದಿರಿ? ನನಗೇನೂ ಕೇಳಿಸಲಿಲ್ಲ.”

“ಪಕ್ದಲ್ಲೇ ನಿಂತಿದ್ರಿ.”

“ನಿಂತಿದ್ದೆ. ಕೇಳಿಸಲಿಲ್ಲ. ಆ ಅಧಿಕಾರಿಗೂ ಕೇಳಿಸಿಲ್ಲವಂತೆ, ಕಾಗದದಲ್ಲೂ ಇಲ್ಲ, ಬೇಕಾದರೆ ಯಾರಿಂದಲಾದರೂ ಓದಿಸಿ. ಮೂವತ್ತೊಂದು ವರ್ಷ ಪಾಠ ಮಾಡಿದ್ದೀನಿ ಅಂಕಯ್ಯ, ನನ್ನಿಂದ ಕೇಳಿ. ಯಾರೂ ಕೇಳಿಸಿಕೊಳ್ಳದಿದ್ದರೆ ಹೇಳಿದ ಹಾಗಲ್ಲ.”

ಪಟ್ಟಲಮ್ಮ ಬಾಗಿಲ ಹತ್ತಿರ ನಿಂತಿದ್ದಳು. “ನಂಗೂ ಕೇಳುಸ್ಲಿಲ್ಲ ಕಣಣ್ಣ. ಆಡು ಅರಚ್ತಿದ್ವು” ಅಂದಳು. ಅವತ್ತು ಆಡುಗಳು ಕೊಟ್ಟಿಗೆಯಲ್ಲಿದ್ದವು.

ಅಂಕಯ್ಯನವರು ನನ್ನ ಮಣಿಕಟ್ಟನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಒಂದೇ ಕಡೆ ಒತ್ತಿದರು. ಎಕ್ಸ್‌ರೇಯಲ್ಲಿ ಬಿರುಕು ಇದ್ದದ್ದು ಅಲ್ಲೇ. ಜೀವ ಹೋಯಿತು.

“ಸುಳ್ಯೋಳಕ್ಕೆ ಬರಾಕಿಲ್ಲ ನಿಮ್ಗೆ” ಅಂದರು. ಎದ್ದು ಒಳಗೆ ಹೋದರು. ಬಿದಿರಿನ ದಬ್ಬೆ, ಹಳೆ ಬಟ್ಟೆ ತಂದಿಟ್ಟರು. ಇನ್ನೊಮ್ಮೆ ಹೋಗಿ ಮಡಿಲಲ್ಲಿ ಏನನ್ನೋ ಮುಚ್ಚಿಕೊಂಡು ಬಂದು ನನ್ನ ಮುಂದೆ ನಿಂತರು.

“ಅತ್ಲಾಗ್ ತಿರೀಕಳಿ.”

ನಾನು ಗೋಡೆಯ ಕಡೆ ತಿರುಗಿ ಕೂತೆ.